ಆಮಂತ್ರಣದಲ್ಲಿ ನಿಂತ ಹುಡುಗಿ

ಇಳಕಲ್ಲ
೯ ನವೆಂಬರ್ ೨೦೨೫, ರವಿವಾರ

ಮಹಿಯ ಪಪ್ಪಾ ಶಿವಪ್ರಕಾಶ ಅವರಿಗೆ,

ಶರಣು. ಮದುವೆಯಾದ ಮೇಲೆ ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಒಂದೇ ಮನೆಯಲ್ಲಿದ್ದೆವು, ಬರೆಯುವ ಪ್ರಸಂಗವೇ ಬರಲಿಲ್ಲ. ಈಗಲೂ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನನ್ನ ಮಾತನ್ನು ಅರ್ಧಕ್ಕೇ ತಡೆದು, 'ಆತು ಆತು, ತಿಳೀತು' ಅನ್ನುತ್ತೀರಿ. ನಾನೂ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಇದನ್ನು ಪೂರ್ತಿ ಓದಿ.

ದೀಪಾವಳಿ ಆದ ಮೇಲೆ ನೀವು ಕಳಿಸಿದ ಮೆಸೇಜು ನೋಡಿದೆ. ಮಂದಿ ಕೇಳುತ್ತಿದ್ದಾರೆ, ಇನ್ನು ಸಾಕು, ನವನಗರಕ್ಕೆ ಬನ್ನಿ ಎಂದಿದ್ದೀರಿ. ಹಿತ್ತಲ ಬಾಗಿಲಿಗೆ ಇಳಿಜಾರು ಹಾಕಿಸುತ್ತೇನೆ, ಅಡಿಗೆಮನೆಯ ಕಡೆಯಿಂದ ಗಾಲಿಕುರ್ಚಿ ಒಳಗೆ ಬರುತ್ತದೆ ಎಂದೂ ಬರೆದಿದ್ದೀರಿ. ಮಂದಿಯ ಮಾತು ಮೊದಲ ಸಾಲಿನಲ್ಲಿತ್ತು. ಕೊನೆಯ ಸಾಲಿನಲ್ಲಿ ಕುರ್ಚಿ ಇತ್ತು. ಮಗಳ ಹೆಸರು ಎಲ್ಲೂ ಇರಲಿಲ್ಲ. ಈ ಮೆಸೇಜಿಗೆ ಉತ್ತರ ಕೊಡಬೇಕಲ್ಲ, ಅದಕ್ಕೇ ಕುಳಿತಿದ್ದೇನೆ.

ಮನೆಯ ಚಿತ್ರ ಮಾಡಿಕೊಡುವ ಆ ಎಐ ಆ್ಯಪನ್ನು ನಿಮ್ಮ ಫೋನಿಗೆ ಹಾಕಿಕೊಟ್ಟವಳು ಮಹಿಯೇ. ನಿಮಗೆ ಅದು ಮರೆತಿರಬಹುದು. ಶಿವರಾತ್ರಿಯ ಹೊತ್ತಿಗೆ ಮನೆಯ ಸ್ಲ್ಯಾಬ್ ಮುಗಿದು ಗಿಲಾವೂ ಆಗಿತ್ತು. ಒಳಗಿನ ಕೆಲಸಕ್ಕೆ ಹುಬ್ಬಳ್ಳಿಯಿಂದ ಡಿಸೈನರನ್ನು ಕರೆಸಬೇಕೆಂದು ನೀವು ಹೇಳುತ್ತಿದ್ದಿರಿ. ಅವಳು ಹೋಂವರ್ಕ್ ಮಾಡುತ್ತಿದ್ದವಳು ತಲೆ ಎತ್ತಿ, 'ಯಾಕ ಪಪ್ಪಾ? ಎಐಗೆ ಕೇಳು. ಖಾಲಿ ರೂಮಿಂದು ಫೋಟೋ ಕೊಟ್ರ ಸಾಮಾನು ತುಂಬಿಸಿ ತೋರಸ್ತೈತಿ' ಅಂದಳು. ಆ ಸಂಜೆಯೇ ಅಪ್ಪ ಮಗಳು ದಿವಾನದ ಮೇಲೆ ಒತ್ತಿ ಕುಳಿತಿರಿ. ಮೊದಲು ಬಂದ ಚಿತ್ರದಲ್ಲಿ ನಮ್ಮ ಹಾಲ್‌ನ ಗೋಡೆಯಲ್ಲಿ ಚಳಿ ಕಾಯಿಸುವ ಬೆಂಕಿಗೂಡು ಇತ್ತು. ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡಿ, 'ಇದಕ್ಕ ನಮ್ಮೂರ ಬ್ಯಾಸಗಿ ಗೊತ್ತಿಲ್ಲ, ಪಾಪ' ಅಂದರು. ನಾವೆಲ್ಲ ಎಷ್ಟು ನಕ್ಕೆವು. ಅಡಿಗೆಮನೆಯ ಚಿತ್ರ ಬಂದಾಗ ನಾನೂ ಒಲೆ ಆರಿಸಿ ಬಂದು ನೋಡಿದೆ. ಕಿಟಕಿಯ ಕೆಳಗೆ ಕಟ್ಟೆ, ಕೈಗೆಟಕುವ ಕಪಾಟು, ಬೆಳಕು. ನನಗದು ಮನಸ್ಸಿಗೆ ಬಂದಿತ್ತು. ಇಲ್ಲ ಎನ್ನುವುದಿಲ್ಲ.

ನಿಮಗೆ ಸ್ವಂತ ಮನೆ ಅಂದರೆ ಏನು ಎಂಬುದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಹಳೆ ಬಾಗಲಕೋಟೆಯ ನಿಮ್ಮ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ನೀವು ಸಾಲೆಗೆ ಹೋಗುವ ಹುಡುಗ. ಮಾವನವರು ಮತ್ತೊಂದು ಮನೆ ಕಟ್ಟುವ ಮೊದಲೇ ತೀರಿಕೊಂಡರು. ಆಮೇಲೆ ಬಾಡಿಗೆ ಮನೆಗಳಲ್ಲೇ ನಿಮ್ಮ ಓದು, ನಿಮ್ಮ ನೌಕರಿ, ನಮ್ಮ ಮದುವೆ. ಗೋಡೆಗೆ ಮೊಳೆ ಹೊಡೆಯಲು ಮನೆಮಾಲಕರನ್ನು ಕೇಳಬೇಕಾದಾಗಲೆಲ್ಲ ನಿಮ್ಮ ಮುಖ ಸಣ್ಣದಾಗುವುದನ್ನು ನಾನು ನೋಡಿದ್ದೇನೆ. ಅದಕ್ಕೇ ನೀವು ದಿನವೂ ಆ ಚಿತ್ರಗಳಲ್ಲಿ ಮುಳುಗಿದಾಗ ಸುಮ್ಮನಿದ್ದೆ. ಊಟದ ತಾಟಿನ ಪಕ್ಕ ಫೋನು. ಬ್ಯಾಂಕಿನಲ್ಲಿ ಗಿರಾಕಿಗಳಿಗೂ ತೋರಿಸುತ್ತಿದ್ದಿರಿ. 'ಸಾಹೇಬ್ರ, ಇದು ನವನಗರನೋ ದುಬೈನೋ' ಅಂತ ಮಂದಿ ಕೇಳಿದ್ದನ್ನು ಮನೆಗೆ ಬಂದು ನಮಗೆ ಹೇಳುತ್ತಿದ್ದಿರಿ. ಬರಬರುತ್ತ ಮಹಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ನಿಂತಿತು. ಅವಳು ಕುರ್ಚಿ ತಳ್ಳಿಕೊಂಡು ಹತ್ತಿರ ಬಂದರೆ ಫೋನು ಬೋರಲಾಗುತ್ತಿತ್ತು. 'ಪೂರ್ತಿ ಆಗ್ಲಿ, ಒಮ್ಮೆಲೇ ತೋರಸ್ತೇನಿ' ಅನ್ನುತ್ತಿದ್ದಿರಿ. ಅವಳು ಅದನ್ನು ಸರ್‌ಪ್ರೈಜ್ ಎಂದು ನಂಬಿದಳು. ನಾನೂ ನಂಬಿದೆ.

ಬೇಸಿಗೆ ರಜೆಗೆ ಪ್ರತಿವರ್ಷದಂತೆ ನಾನು ಮಹಿಯನ್ನು ಕರೆದುಕೊಂಡು ತವರಿಗೆ, ಇಲ್ಲಿಗೆ ಬಂದೆ. ಆ ರಜೆಯಲ್ಲೇ ನೀವು ನೆಲ ಹಾಕಿಸಿದಿರಿ, ಬಾಗಿಲು ಕೂರಿಸಿದಿರಿ. ನಾನು ಫೋನಿನಲ್ಲಿ ಬಾಗಿಲಿನ ಅಗಲ ಕೇಳಿದಾಗ 'ಎಲ್ಲಾ ನೋಡೇನಿ, ನೀ ಕಾಳಜಿ ಮಾಡಬ್ಯಾಡ' ಅಂದಿರಿ. ಸಾಲೆ ಶುರುವಾಗುವ ಮುಂಚೆ ನಾವು ವಾಪಸು ಬಂದೆವು. ಮರುದಿನ ನಮ್ಮನ್ನೆಲ್ಲ ಕಾರಿನಲ್ಲಿ ಕರೆದೊಯ್ದಿರಿ. ಮಹಿ ಅವತ್ತು ಹೊಸ ಡ್ರೆಸ್ ಹಾಕಿಕೊಂಡಿದ್ದಳು.

ಮುಂಬಾಗಿಲ ಮೆಟ್ಟಿಲುಗಳ ಬಳಿ ಅವಳ ಕುರ್ಚಿ ನಿಂತಿತು. ಒಳಗೆ ಕೆಲಸ ಮಾಡುತ್ತಿದ್ದ ಗೌಂಡಿ ಅಹ್ಮದಸಾಬರನ್ನು ನೀವು ಕೂಗಿದಿರಿ. ಇಬ್ಬರೂ ಕೂಡಿ ಕುರ್ಚಿಯನ್ನು ಎತ್ತಿ ಒಳಗಿಟ್ಟಿರಿ. ಅದು ಹೊಸದೇನಲ್ಲ, ಅವಳು ಹುಟ್ಟಿದಾಗಿನಿಂದ ಎಲ್ಲ ಕಡೆಯೂ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಸ್ವಂತ ಮನೆಗೂ ಹಾಗೇ ಹೋಗಬೇಕೇ ಎಂದು ನನಗೆ ಒಂದು ಕ್ಷಣ ಅನ್ನಿಸಿತು, ಅಷ್ಟೆ. ಆಮೇಲೆ ಹಾಲ್ ನೋಡಿದೆವು. ನಡುವೆ ಕೂಡುವ ಜಾಗವನ್ನು ತಗ್ಗು ಮಾಡಿಸಿದ್ದಿರಿ. ಅದಕ್ಕೆ ಇಳಿಯಲು ಎರಡು ಮೆಟ್ಟಿಲು, ಕೆಂಪು ಗ್ರಾನೈಟಿನವು, ಮುಖ ಕಾಣುವಂತೆ ಪಾಲಿಶ್ ಮಾಡಿದವು. ಸೋಫಾ, ಟಿವಿ, ಕಿಟಕಿ ಎಲ್ಲ ಆ ತಗ್ಗಿನಲ್ಲಿ. ಗುಳೇದಗುಡ್ಡದ ಖಣದ ಬಟ್ಟೆಯ ನಮೂನೆಯನ್ನು ಒಂದು ಗೋಡೆಯ ತುಂಬ ಹಚ್ಚಿಸಿದ್ದಿರಿ. ಚಂದ ಇತ್ತು. ನಿಜವಾಗಿಯೂ ಚಂದ ಇತ್ತು.

ಮಹಿ ತಗ್ಗಿನ ಅಂಚಿಗೆ ಬಂದು ಚಕ್ರಕ್ಕೆ ಬ್ರೇಕ್ ಹಾಕಿದಳು. ನೀವು, 'ಹೆದರಬ್ಯಾಡ, ನಾ ಎತ್ತಿಕೊಂಡು ಇಳೀತೇನಿ' ಅಂದಿರಿ. ಅವಳು ಕೇಳಿದಳು, 'ನೀ ಬ್ಯಾಂಕಿಗೆ ಹೋದಾಗ?'

ನೀವು ಅವಳ ಕೋಣೆ ತೋರಿಸಲು ಹೋದಿರಿ. ಕುರ್ಚಿ ಆ ಬಾಗಿಲಲ್ಲಿ ಹಿಡಿಯಲಿಲ್ಲ. ಅವಳು ಹೊರಗಿನಿಂದಲೇ ತನ್ನ ಕೋಣೆ ನೋಡಿದಳು. ನಾನು ಒಳಗೆ ಹೋಗಿ ಬಚ್ಚಲು ನೋಡಿದೆ. ಗಾಜಿನ ಗೋಡೆ, ಅದರ ಕೆಳಗೆ ದಾಟಬೇಕಾದ ಕಟ್ಟೆ. ಬಟ್ಟೆಯ ಕಪಾಟಿನ ಕೊಕ್ಕೆಗಳು ನನಗೇ ಎಟಕುವುದಿಲ್ಲ.

ನಾನು ಅಲ್ಲೇ ಕೇಳಿದೆ. ಮಗಳ ಮುಂದೆ ಕೇಳಬಾರದಿತ್ತು ಎಂದು ನೀವು ಆಮೇಲೆ ಹೇಳಿದಿರಿ. ಇರಬಹುದು. ಮಹಿ ಕುರ್ಚಿಯಲ್ಲಿರುತ್ತಾಳೆಂದು ಆ ಆ್ಯಪಿಗೆ ಹೇಳಿರಲಿಲ್ಲವೇ ಎಂದೆ. ನಿಮಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ನೀವು ಸುಳ್ಳು ಹೇಳುವುದಿಲ್ಲ, ಅದೊಂದು ನಿಮ್ಮ ಗುಣ.

'ಹೇಳಿದ್ದೆ. ಆಕಿ ಬಾಜೂಕ ಇಲ್ಲದಾಗ ಒಮ್ಮೆ ಬರದು ಕೇಳಿದ್ದೆ, ಮಗಳು ಗಾಲಿಕುರ್ಚಿ ಮ್ಯಾಲ ಇರ್ತಾಳ ಅಂತ. ಅದು ಏನ್ ಮಾಡ್ತು ಗೊತ್ತೇನು? ಎಲ್ಲಾ ಕಡೆ ಇಳಿಜಾರು, ಗ್ವಾಡಿಗೆಲ್ಲ ಹಿಡಿಕಿ, ಅಗಲ ಬಾಗಲಾ. ದವಾಖಾನಿ ಕಂಡಂಗ ಕಾಣ್ತಿತ್ತು. ಅದನ್ನ ಯಾರಿಗೆ ತೋರಸಲಿ?'

'ಮತ್ತ ಏನ್ ಮಾಡಿದ್ರಿ?' ಅಂದೆ.

'ಆ ಮಾತು ತೆಗದೆ. ಆಮ್ಯಾಲ ಚಂದ ಬಂತು.'

ಅಹ್ಮದಸಾಬರು ಪಾಲಿಶ್ ಮಷಿನ್ ಬಂದ್ ಮಾಡಿ ಹೊರಗೆ ಹೋದರು. ಅತ್ತೆಯವರು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಮಹಿ ಎಲ್ಲ ಕೇಳಿಸಿಕೊಂಡಳು. ಕಾರಿನಲ್ಲಿ ವಾಪಸು ಬರುವಾಗ ಕ್ರಿಕೆಟ್ ಸ್ಕೋರ್ ಎಷ್ಟಾಯಿತು ಎಂದು ನಿಮ್ಮನ್ನೇ ಕೇಳಿದಳು. ನೀವು ಸಮಾಧಾನದಿಂದ ಹೇಳಿದಿರಿ. ಅವಳಿಗೆ ಏನೂ ಅನ್ನಿಸಿಲ್ಲ ಎಂದುಕೊಂಡಿರೇನೋ.

ಆ ದಿನದಿಂದ ನನಗೆ ಒಂದೇ ಮಾತು ತಲೆಯಲ್ಲಿ ಉಳಿದಿದೆ. ಅದೊಂದು ಯಂತ್ರ. ನಮ್ಮ ಮಗಳು ಕಪ್ಪೋ ಕೆಂಪೋ, ಅವಳ ನಗು ಹೇಗಿದೆ, ಸಿಟ್ಟು ಹೇಗಿದೆ ಎಂದು ಅದಕ್ಕೆ ಗೊತ್ತಿಲ್ಲ. ಆದರೂ ಒಂದು ಸಾಲು ಓದಿದ ಕೂಡಲೇ ಅವಳಿಗಾಗಿ ಬಾಗಿಲು ಅಗಲ ಮಾಡಿತು, ಮೆಟ್ಟಿಲು ತೆಗೆಯಿತು. ಹಡೆದ ಅಪ್ಪ ಕುಳಿತು ಅದನ್ನು ತಿದ್ದಿದ. ನಾನು ಕಲಿಸುವ ಸಾಲೆಯಲ್ಲಿ ಸಹೋದ್ಯೋಗಿಗಳು ಎಐ ಬಂದು ಏನೇನು ಕೆಡಿಸಲಿದೆ ಎಂದು ವಾದ ಮಾಡುವಾಗ ನಾನು ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಅದು ಏನೂ ಕೆಡಿಸಲಿಲ್ಲ.

ಹಾಗಿದ್ದರೂ ನಾನು ಅಂದೇ ಮನೆ ಬಿಡಲಿಲ್ಲ. ಹಾಲ್‌ನ ತಗ್ಗು ತುಂಬಿಸಿ, ಬಾಗಿಲು ಒಡೆಸಿ, ಮುಂದೆ ಇಳಿಜಾರು ಮಾಡಿಸಿ ಎಂದೆ. ನೀವು 'ಪೂಜಿ ಒಂದ ಆಗ್ಲಿ, ಆಮ್ಯಾಲ ನೋಡೂಣು' ಅಂದಿರಿ. ಮಂದಿ ಒಮ್ಮೆ ಚಿತ್ರದಲ್ಲಿದ್ದ ಹಾಗೆಯೇ ನೋಡಿ ಹೋಗಲಿ ಎಂಬುದು ನಿಮ್ಮ ಆಸೆ. ನಾನು ಅದಕ್ಕೂ ಹೂಂ ಅಂದೆ. ನಿಮ್ಮ ಮೇಲೆ ನನಗೆ ಇನ್ನೂ ಭರವಸೆ ಇತ್ತು. ಮಹಿ ಸಣ್ಣವಳಿದ್ದಾಗ ಬಾದಾಮಿಯ ಗುಹೆ ನೋಡಬೇಕೆಂದು ಹಟ ಹಿಡಿದಾಗ, ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಅಷ್ಟೂ ಮೆಟ್ಟಿಲು ಹತ್ತಿದವರು ನೀವು. ಪ್ರವಾಸಕ್ಕೆ ಬಂದವರು ತಿರುತಿರುಗಿ ನೋಡುತ್ತಿದ್ದರು. ನೀವು ಯಾರ ಕಡೆಯೂ ನೋಡಲಿಲ್ಲ, ಬೆವರು ಒರೆಸಿಕೊಳ್ಳುತ್ತ ಅವಳಿಗೆ ಮಂಗಗಳನ್ನು ತೋರಿಸುತ್ತ ಹತ್ತಿದಿರಿ. ಆ ಮನುಷ್ಯ ಯಾವಾಗ ಮಂದಿಯ ಕಣ್ಣಿಗೆ ಹೆದರತೊಡಗಿದ ಎಂದು ನನಗೆ ತಿಳಿಯಲೇ ಇಲ್ಲ. ಬಹುಶಃ ಅವಳು ಬೆನ್ನ ಮೇಲೆ ಹೊರಲಾಗದಷ್ಟು ದೊಡ್ಡವಳಾದಾಗ.

ಆಮೇಲೆ ಆಮಂತ್ರಣ ಬಂತು.

ಶ್ರಾವಣದ ಗೃಹಪ್ರವೇಶಕ್ಕೆ ನೀವೇ ಆ್ಯಪಿನಲ್ಲಿ ಅದನ್ನು ಮಾಡಿ, ನಮಗೆ ತೋರಿಸುವ ಮೊದಲೇ ಎಲ್ಲ ಗ್ರೂಪುಗಳಿಗೂ ಹಾಕಿದಿರಿ. ಮಹಿ ಅದನ್ನು ನೋಡಿದ್ದು ನಿಮ್ಮಿಂದಲ್ಲ. ಅವಳ ಕ್ಲಾಸಿನ ಆಫ್ರೀನ ಅದನ್ನೇ ಅವಳಿಗೆ ಕಳಿಸಿ ಕೇಳಿದ್ದಳು: 'ಮಹಿ, ಆಪರೇಷನ್ ಆತೇನು? ಹೇಳಲೇ ಇಲ್ಲ ನೀ.' ಆ ಹುಡುಗಿ ಸಂತೋಷದಿಂದಲೇ ಕೇಳಿದ್ದಳು, ಕೆಳಗೆ ಹೂವಿನ ಚಿತ್ರವನ್ನೂ ಹಾಕಿದ್ದಳು.

ಆಮಂತ್ರಣದ ಚಿತ್ರದಲ್ಲಿ ಹೊಸ ಹಾಲ್. ನೀವು ಬಿಳಿ ಅಂಗಿಯಲ್ಲಿ. ನಾನು ಯಾವ ಊರಿನದೂ ಅಲ್ಲದ ಸೀರೆಯಲ್ಲಿ. ಸೋಫಾದಲ್ಲಿ ಅತ್ತೆಯವರು. ಅವರ ಹಿಂದೆ, ಹೆಗಲ ಮೇಲೆ ಕೈಯಿಟ್ಟು, ಮಹಿ ನಿಂತಿದ್ದಳು. ನೆಟ್ಟಗೆ, ನನಗಿಂತ ಎತ್ತರವಾಗಿ. ನೀವು ಅದಕ್ಕೆ ಕೊಟ್ಟ ನಮ್ಮ ಫೋಟೋದಲ್ಲಿ ಅವಳು ಎಲ್ಲರ ಮುಂದೆ ಕುರ್ಚಿಯಲ್ಲಿದ್ದಳು. ಇದರಲ್ಲಿ ಕುರ್ಚಿ ಇರಲಿಲ್ಲ.

ಮಧ್ಯಾಹ್ನ ನೀವು ಊಟಕ್ಕೆ ಬಂದಾಗ ನಾನು ಬಡಿಸಲಿಲ್ಲ. ಫೋನು ಮುಂದೆ ಇಟ್ಟೆ. ನೀವು ಮೊದಲು ಅದು ತಾನಾಗಿ ಹಾಗೆ ಬಂತು ಅಂದಿರಿ. ನಾನು ನೋಡುತ್ತಲೇ ಇದ್ದೆ. ಆಮೇಲೆ ದನಿ ಇಳಿಸಿ, 'ಒಂದ ಫೋಟೋಕ ಇಷ್ಟ್ಯಾಕ? ನಾ ಆಸೆ ಪಡಬಾರದೇನು? ನನಗೊಮ್ಮೆ ಆಕಿ ನಿಂತಿದ್ದು ನೋಡಬೇಕು ಅನ್ಸಬಾರದೇನು?' ಅಂದಿರಿ. ನಿಮ್ಮ ಕಣ್ಣು ತುಂಬಿತ್ತು. ಅದನ್ನು ಕಂಡು ನಾನು ಮೆತ್ತಗಾಗುತ್ತಿದ್ದೆ. ಆದರೆ ಮಹಿ ಒಳಗಿನಿಂದ ಕುರ್ಚಿ ತಳ್ಳಿಕೊಂಡು ಬಂದಳು. ನಿಮ್ಮ ಮುಂದಿದ್ದ ಫೋನು ತೆಗೆದುಕೊಂಡು ಚಿತ್ರವನ್ನು ಇನ್ನೊಮ್ಮೆ ನೋಡಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

'ಈಕಿ ಚಲೋ ಅದಾಳ ಪಪ್ಪಾ. ಪೂಜಿಗೆ ಈಕಿನ್ನ ಕರ್ಕೊಂಡು ಹೋಗು.'

ಅಷ್ಟೇ. ನೀವು ತಾಟಿನ ಮುಂದಿನಿಂದ ಎದ್ದು ಬ್ಯಾಂಕಿಗೆ ಹೋದಿರಿ. ಸಂಜೆ ಬಂದು ಏನಾದರೂ ಅನ್ನುತ್ತೀರೆಂದು ಕಾದೆ. ನೀವು ಪೆಂಡಾಲಿನವರ ಜೊತೆ ಫೋನಿನಲ್ಲಿ ಮಾತಾಡಿದಿರಿ. ಮರುದಿನ ನಾನು ಬ್ಯಾಗು ತುಂಬಿದೆ.

ಗೃಹಪ್ರವೇಶಕ್ಕೆ ನಾವು ಬರಲಿಲ್ಲ. ಬಂದವರಿಗೆಲ್ಲ ಮಗಳಿಗೆ ಪರೀಕ್ಷೆ ಎಂದು ಹೇಳಿದಿರಂತೆ. ನನ್ನ ಸಹೋದ್ಯೋಗಿಗಳೂ ಊಟಕ್ಕೆ ಬಂದಿದ್ದರಲ್ಲ, ಅವರಿಂದ ತಿಳಿಯಿತು. ಶ್ರಾವಣದಲ್ಲಿ ಯಾವ ಪರೀಕ್ಷೆ ಎಂದು ಮಾಸ್ತರರಿಗೆ ಗೊತ್ತಾಗದೇ ಇರುತ್ತದೆಯೇ?

ಒಂದು ಮಾತು ಹೇಳದಿದ್ದರೆ ಈ ಪತ್ರ ಪ್ರಾಮಾಣಿಕ ಆಗುವುದಿಲ್ಲ. ಇಲ್ಲಿಗೆ ಬಂದ ಮೇಲೆ ಒಂದು ದಿನ, ಮಹಿ ಸಾಲೆಗೆ ಹೋದಾಗ, ನಾನು ಆ ಆಮಂತ್ರಣ ತೆಗೆದೆ. ಬೆರಳಿನಿಂದ ಹಿಗ್ಗಿಸಿ ಅವಳ ಮುಖ ನೋಡಿದೆ, ಕಾಲು ನೋಡಿದೆ, ಪಾದಗಳು ನೆಲಕ್ಕೆ ಊರಿದ್ದನ್ನು ನೋಡಿದೆ. ಬಹಳ ಹೊತ್ತು ನೋಡಿದೆ. ಆಕೆಯ ಕಾಲಿಗಾಗಿ ಹುಬ್ಬಳ್ಳಿ, ಬೆಳಗಾವಿ ಎಂದು ನಿಮ್ಮ ಜೊತೆ ಅಲೆದವಳು ನಾನೇ ಅಲ್ಲವೇ. ನಿಮ್ಮ ಆಸೆ ನನಗೆ ಗೊತ್ತಿಲ್ಲದ್ದಲ್ಲ. ನೀವು ಅದನ್ನು ನಿಮ್ಮ ಫೋನಿನಲ್ಲೇ ಇಟ್ಟುಕೊಂಡು, ಒಬ್ಬರೇ ನೋಡಿ ಅತ್ತಿದ್ದರೆ ನಾನು ಪಕ್ಕಕ್ಕೆ ಬಂದು ಕೂಡುತ್ತಿದ್ದೆ. ನೀವು ಅದನ್ನು ಊರಿಗೆ ಹಂಚಿದಿರಿ. ಇದ್ದ ಮಗಳನ್ನು ಮುಚ್ಚಿಡಲು ಇಲ್ಲದ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿದಿರಿ.

ಇನ್ನು ನಮ್ಮ ವಿಷಯ. ನನಗೆ ಇಲ್ಲಿಯ ಹೈಸ್ಕೂಲಿಗೆ ನಿಯೋಜನೆ ಸಿಕ್ಕಿದೆ. ಮಹಿಯೂ ಅದೇ ಸಾಲೆಯಲ್ಲಿ ಒಂಬತ್ತನೆಯ ತರಗತಿ. ತವರಿನಲ್ಲಿ ಮಹಡಿ ಮೆಟ್ಟಿಲು ಹೆಚ್ಚು. ಅದಕ್ಕೇ ಜರೀನಾ ಎಂಬವರ ಮನೆಯ ಕೆಳಗಿನ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ಹೊಸ್ತಿಲಿಗೆ ಸಿಮೆಂಟಿನ ಇಳಿಜಾರು ಬೇಕು ಎಂದಾಗ ಅವರು, 'ಅದರಾಗೇನೈತ್ರಿ, ಹಾಕಸ್ರಿ' ಅಂದರು, ಮತ್ತೆ ಆ ವಿಷಯ ಎತ್ತಲೇ ಇಲ್ಲ. ಕೋಣೆಗಳು ಚಂದ ಇಲ್ಲ. ಗೋಡೆಗೆ ಹಸಿರು ಬಣ್ಣ, ಒಂದು ಕಡೆ ಪದರು ಏಳುತ್ತಿದೆ. ಬೇಸಿಗೆಯಲ್ಲಿ ಹೇಗೋ ಏನೋ.

ಮಹಿ ಈಗಲೂ ಅದೇ ಆ್ಯಪ್ ಬಳಸುತ್ತಾಳೆ. ನಾನು ಬೇಡ ಅಂದೆ, ನನಗೆ ಅದನ್ನು ಕಂಡರೆ ಸಂಕಟ. ಅವಳು, 'ಅದರದೇನ್ ತಪ್ಪೈತಿ ಮಮ್ಮಿ' ಅಂದಳು. ಮಂಚ ಎಲ್ಲಿ, ಮೇಜು ಎಲ್ಲಿ ಎಂದು ಕೇಳುವ ಮೊದಲು ತನ್ನ ಕುರ್ಚಿಯ ಅಗಲ, ಕೈ ಎಷ್ಟು ಎತ್ತರಕ್ಕೆ ಮುಟ್ಟುತ್ತದೆ, ಎಲ್ಲ ಬರೆಯುತ್ತಾಳೆ. ಅದು ಕೊಟ್ಟ ಹತ್ತರಲ್ಲಿ ಒಂಬತ್ತು ನಮ್ಮ ಕೋಣೆಗೆ ಆಗುವಂಥವಲ್ಲ. ಒಂದಾಯಿತು. ಮೇಜನ್ನು ಕಿಟಕಿಗೆ ಅಡ್ಡ ಹಾಕಿ, ಮಂಚವನ್ನು ಮೂಲೆಗೆ ಸರಿಸಿದೆವು. ಈಗ ಅವಳು ತಾನೇ ಎದ್ದು, ತಾನೇ ಬಚ್ಚಲಿಗೆ ಹೋಗಿ, ತಾನೇ ತಲೆ ಬಾಚಿಕೊಂಡು ನನಗಿಂತ ಮೊದಲು ತಯಾರಾಗುತ್ತಾಳೆ. ಮೊದಲ ದಿನ ನಾನು ಎತ್ತಲು ಹೋದಾಗ, 'ಬಿಡು, ಹೊರಗ ಹೋಗು' ಎಂದು ಬೈದಳು. ಅವಳ ಬಾಯಿ ನಿಮಗೆ ಗೊತ್ತೇ ಇದೆ.

ನೀವು ಇಷ್ಟು ತಿಂಗಳಲ್ಲಿ ಒಮ್ಮೆಯೂ ಇಳಕಲ್ಲಿಗೆ ಬರಲಿಲ್ಲ. ದಾರಿ ದೂರವಿಲ್ಲ. ಬರೀ ಮೆಸೇಜು. ಅದರಲ್ಲಿ ಈಗ ಹಿತ್ತಲ ಬಾಗಿಲು. ನಾನು ಅದನ್ನು ಮಹಿಗೆ ಓದಿ ಹೇಳಿದೆ, ಮುಚ್ಚಿಡಲಿಲ್ಲ. ಬರುತ್ತೀಯಾ ಎಂದು ಕೇಳಿದೆ. ಅವಳು, 'ಪಪ್ಪಾ ಇಲ್ಲಿ ಬಂದ್ರ ಬರಲಿ. ಚಾ ಕುಡದು ಹೋಗಲಿ' ಅಂದಳು. ನಿಮ್ಮ ಮಗಳು ನಿಮಗೆ ಅತಿಥಿಯ ಜಾಗ ಕೊಟ್ಟಿದ್ದಾಳೆ. ನನ್ನಿಂದ ಅಷ್ಟೂ ಇಲ್ಲ. ನೀವು ಇಡೀ ಹಾಲ್ ಒಡೆಸಿ ಸಪಾಟು ಮಾಡಿಸಿದರೂ ನಾನು ಆ ಮನೆಗೆ ಬರುವುದಿಲ್ಲ. ಅವಳನ್ನು ಬಿಟ್ಟು ಲೆಕ್ಕ ಹಾಕಿದ ಮನೆ ಅದು. ಅದರಲ್ಲಿ ನನಗೆ ಅನ್ನ ಇಳಿಯುವುದಿಲ್ಲ.

ಮಂದಿ ಕೇಳಿದರೆ ಏನು ಹೇಳಬೇಕೆಂದು ನೀವೇ ನೋಡಿಕೊಳ್ಳಿ. ಪರೀಕ್ಷೆ ಎಂದು ಮಾತ್ರ ಹೇಳಬೇಡಿ.

ಇಂತಿ,
ಮಹೇಶ್ವರಿಯ ತಾಯಿ
ಬಸವೇಶ್ವರಿ

ತಾ.ಕ.: ಅತ್ತೆಯವರು ದಸರೆಗೆಂದು ಬೇವೂರಿಗೆ, ನಿಮ್ಮ ತಂಗಿ ಇಂದ್ರವ್ವನ ಮನೆಗೆ ಹೋದವರು ಇನ್ನೂ ಅಲ್ಲೇ ಇದ್ದಾರೆಂದು ನೀವು ತಿಳಿದಿದ್ದೀರಿ. ಇಲ್ಲ. ದಸರೆಯ ಮರುದಿನವೇ ಅವರು ಬಸ್ ಹತ್ತಿ ಇಲ್ಲಿಗೆ ಬಂದರು. ಮಹಿಯ ಮಂಚದ ಪಕ್ಕದಲ್ಲಿ ಹಾಸಿಗೆ ಹಾಸಿಕೊಂಡಿದ್ದಾರೆ, ವಾಪಸು ಹೋಗುವ ಮಾತಾಡುತ್ತಿಲ್ಲ. ಹೇಳಬೇಡ ಎಂದಿದ್ದರಿಂದ ಇಷ್ಟು ದಿನ ಹೇಳಿರಲಿಲ್ಲ. ಈ ಪತ್ರವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಎರಡು ಬೈಗುಳ ಇದ್ದವು, ಹೊಡೆದುಹಾಕಿಸಿದರು. ಉಳಿದದ್ದು ಇರಲಿ ಅಂದರು. ತಮ್ಮದೂ ಒಂದು ಮಾತು ಸೇರಿಸು ಎಂದಿದ್ದಾರೆ, ಅವರು ಆಡಿದ ಹಾಗೇ ಬರೆಯುತ್ತಿದ್ದೇನೆ: 'ಮನಿ ಭಾಳ ಚಂದ ಆಗೇತಿ ಅಂತ ಬರಿ ಅವಂಗ. ಅದರಾಗ ಇರಾಕ ಮಂದಿ ಬೇಕಾದ್ರ, ಆ ಆ್ಯಪಿನ ಕಡೆನ ಮಾಡಿಸ್ಕೊ ಅನ್ನು.'